ಲವಂಗ ಚುಚ್ಚಿದ ವೀಳ್ಯ

ಎಲ್ಲಕ್ಕೂ ಮೂಲ ಒಂದು ಲವಂಗ. ಆ ಬೆಳಿಗ್ಗೆ ಅಡುಗೆಮನೆಯ ಡಬ್ಬಿಯಲ್ಲಿ ಅದೊಂದು ಉಳಿದಿದ್ದರೆ ಅಟ್ಟೂರಿನ ಆವಲಪ್ಪ ವೀರನಾಗುತ್ತಿರಲಿಲ್ಲ.

ಮೂರು ದಿನದಿಂದ ಅವನ ಬಲದವಡೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದರು. ಮೇಲಿನ ಹಲ್ಲೋ ಕೆಳಗಿನದೋ ಅವನಿಗೇ ತಿಳಿಯದು. ಬಿಸಿ ಮುದ್ದೆ ತಾಗಿದರೆ ಕಣ್ಣಲ್ಲಿ ನೀರು. ಬಾವಿಯ ತಣ್ಣೀರು ಬಾಯಲ್ಲಿ ಹಿಡಿದರೆ ಅರೆಗಳಿಗೆ ಸ್ವರ್ಗ; ಆ ನೀರು ಬೆಚ್ಚಗಾಯಿತೋ, ಮತ್ತೆ ಒನಕೆ. ಆದರೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೀಳಿಸುತ್ತಾರೆ! ಅವನ ಅಪ್ಪನ ಹಲ್ಲು ಕೀಳುವಾಗ ನಾಲ್ಕು ಜನ ಅದುಮಿ ಹಿಡಿದಿದ್ದರು. ಅಂದಿನಿಂದ ಮೊಳೆ ಕೀಳುವ ಇಕ್ಕಳ ಕಂಡರೂ ಆವಲಪ್ಪ ಬಾಯಿ ಬಿಗಿದುಕೊಳ್ಳುತ್ತಿದ್ದ. ಕದ್ದು ಲವಂಗ ಕಚ್ಚುವುದೊಂದೇ ಅವನ ಚಿಕಿತ್ಸೆ.

“ಲವಂಗ ಎಲ್ಲೋಯ್ತೇ?”

“ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಇಲಿ ತಿಂತೇನೋ!” ಅಂದಳು ಹೆಂಡತಿ ಮುನಿಯಲ್ಲಮ್ಮ. “ಅದಿರ್ಲಿ, ಕೆನ್ನೆ ಯಾಕಿಂಗೆ ಊದಿದೆ?”

“ನಿದ್ದೆ ಜಾಸ್ತಿಯಾಯ್ತು.”

“ಒಂದೇ ಕೆನ್ನೇಲಿ ನಿದ್ದೆ ಮಾಡಿದ್ರಾ?”

ಆವಲಪ್ಪ ಲವಂಗಕ್ಕೆಂದು ಗೋಪಾಲಮ್ಮನ ಅಂಗಡಿಗೆ ಓಡಿದ. ಬಾಗಿಲು ಹಾಕಿತ್ತು. ಪಕ್ಕದ ಮನೆಯೂ ಹಾಗೇ, ಬೀದಿಯೇ ಖಾಲಿ. ಶಾಲೆಯ ಕಡೆಯಿಂದ ಗದ್ದಲ ಕೇಳಿತು. ಗೋಪಾಲಮ್ಮ ಅಲ್ಲೇ ಇರಬೇಕೆಂದು ಶಾಲೆಯ ಹಿಂದಿನ ಬೇಲಿ ದಾಟಿ ಒಳನುಗ್ಗಿದ.

ಅಲ್ಲಿ ನಡೆದಿದ್ದ ಪೇಚಾಟ ಅವನಿಗೆ ಗೊತ್ತಿರಲಿಲ್ಲ. ಬೆಂಗಳೂರಿನಿಂದ ಹಲ್ಲಿನ ಡಾಕ್ಟರು ವೆಂಕಟರಾಮಯ್ಯನವರು ವ್ಯಾನಿನಲ್ಲಿ ಬಂದು, ಹೊಂಗೆಮರದ ಕೆಳಗೆ ಕುರ್ಚಿ ಹಾಕಿ, ಒಂದು ಗಂಟೆಯಿಂದ ಕಾಯುತ್ತಿದ್ದರು. ಊರಿಗೆ ಊರೇ ನೋಡಲು ಬಂದಿತ್ತು. ಕೂರಲು ಯಾರೂ ಬಂದಿರಲಿಲ್ಲ. “ಹೀಗೇ ಆದರೆ ನಾನು ಪುಟ್ಟೇನಹಳ್ಳಿಗೆ ಹೊರಟೆ” ಎಂದುಬಿಟ್ಟಿದ್ದರು. ಎಲ್ಲದಕ್ಕೂ ಪೈಪೋಟಿಗೆ ನಿಲ್ಲುವ ಪಕ್ಕದೂರಿನ ಹೆಸರು ಕೇಳಿ ಪಂಚಾಯಿತಿ ಚೇರ್ಮನ್ ದೊಡ್ಡಮುನಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಯಾರೂ ಮುಂದಾಗದ ಕೆಲಸಕ್ಕೆ ತಟ್ಟೆಯಲ್ಲಿ ವೀಳ್ಯ ಇಡುವುದು ಅಟ್ಟೂರಿನ ಹಳೆಯ ರೂಢಿ. ಎತ್ತಿದವನದೇ ಕೆಲಸ, ಎತ್ತಿದ ಮೇಲೆ ಹಿಂದಕ್ಕೆ ಇಡುವಂತಿಲ್ಲ. ಇಂದು ತಟ್ಟೆಯಲ್ಲಿದ್ದದ್ದು ಮೊದಲು ಕುರ್ಚಿ ಏರುವವನ ವೀಳ್ಯ.

ಆವಲಪ್ಪನಿಗೆ ಡಾಕ್ಟರು ಕಾಣಲಿಲ್ಲ, ಕುರ್ಚಿ ಕಾಣಲಿಲ್ಲ. ಕಂಡದ್ದು ಹಿತ್ತಾಳೆ ತಟ್ಟೆ, ಮಡಿಸಿದ ಎಲೆ, ಎಲೆಗೆ ಚುಚ್ಚಿದ್ದ ದಪ್ಪ ಲವಂಗ! ಹದ್ದಿನಂತೆ ಎರಗಿ ವೀಳ್ಯ ಎತ್ತಿದ. ಲವಂಗ ಕಿತ್ತು ದವಡೆಗೆ ತುರುಕಿದ. ಕಣ್ಣು ಮುಚ್ಚಿ “ಆಹಾ” ಎಂದ.

ಕಣ್ಣು ತೆರೆದಾಗ ಕೊರಳಲ್ಲಿ ಚೆಂಡುಹೂವಿನ ಹಾರವಿತ್ತು.

“ಭಲೇ ಆವಲಪ್ಪ! ಊರ ಮಾನ ಉಳಿಸ್ದೆ ಕಣಪ್ಪಾ!” ಚೇರ್ಮನ್ ಅಪ್ಪಿಕೊಂಡ. ತಮಟೆ ಶುರುವಾಯಿತು.

ಆವಲಪ್ಪ ಕುರ್ಚಿ ನೋಡಿದ. ಟ್ರೇ ನೋಡಿದ. ಟ್ರೇಯಲ್ಲಿದ್ದ ಇಕ್ಕಳ ನೋಡಿದ. “ಅಯ್ಯಯ್ಯೋ, ನಂಗೆ ಅಲ್ಲು ನೋವೇ ಇಲ್ಲ ಕಣ್ರಪ್ಪೋ!”

“ಕೇಳುದ್ರಾ?” ಗೋಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋವೇ ಇಲ್ದೆ ಊರಿಗೋಸ್ಕರ ಕೂರ್ತಾವ್ನೆ!”

ಚಪ್ಪಾಳೆ ಇಮ್ಮಡಿಯಾಯಿತು. ಎಂಟು ಜನ ಅವನನ್ನು ಎತ್ತಿ ಕುರ್ಚಿಯಲ್ಲಿ ಇಟ್ಟರು. ಅಪ್ಪನಿಗೆ ನಾಲ್ಕು ಜನ ಸಾಕಾಗಿತ್ತು.

ಡಾಕ್ಟರು ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲು ತಟ್ಟಿದರು. ಕೆಳಗಿನ ಒಂದನ್ನು ಮುಟ್ಟಿದ್ದೇ ತಡ, ಆವಲಪ್ಪನ ಕೂಗಿಗೆ ಹೊಂಗೆಮರದ ಕಾಗೆಗಳು ಯಲಹಂಕದ ಕಡೆ ಹಾರಿದವು.

“ಹೆದರಬೇಡಿ, ಕೀಳೋದಿಲ್ಲ,” ಅಂದರು ಡಾಕ್ಟರು. “ಹಲ್ಲಿನ ಒಳಗೆ ಮೆತ್ತನೆ ತಿರುಳಿದೆ. ರಕ್ತ, ನರ ಎಲ್ಲ ಅಲ್ಲೇ. ಕಾಲಿಗೆ ಪೆಟ್ಟಾದರೆ ಊತಕ್ಕೆ ಹಿಗ್ಗೋಕೆ ಜಾಗ ಇರುತ್ತೆ. ಇಲ್ಲಿ ಸುತ್ತ ಕಲ್ಲಿನಂಥ ಗೋಡೆ. ಊದಿಕೊಂಡ ತಿರುಳು ಎಲ್ಲಿಗೆ ಹೋಗಬೇಕು ಹೇಳಿ? ಒಂದು ಕಿಂಡಿ ಕೊರೆದು ದಾರಿ ಮಾಡಿಕೊಟ್ಟರೆ ಆಯ್ತು.”

ಸೂಜಿ ಚುಚ್ಚಿದರು. ದವಡೆ ಮರದ ಹಲಗೆಯಂತೆ ಜಡವಾಯಿತು. ಕೊರೆಯುವ ಯಂತ್ರಕ್ಕೆ ಕರೆಂಟಿಲ್ಲ, ಕಾಲಲ್ಲೇ ತುಳಿಯಬೇಕು. “ಯಾರಾದರೂ ಒಂದೇ ಸಮ ತುಳಿಯೋರು ಬನ್ನಿ” ಎನ್ನುತ್ತಲೇ ಟೈಲರ್ ನೂರುಲ್ಲಾ ಜಿಗಿದು ಬಂದ.

“ಇಪ್ಪತ್ತು ವರ್ಷದ ಕಾಲು ಸಾಹೇಬ್ರೇ! ಆವಲಪ್ಪಾ ಭಾಯ್, ಅಲ್ಲಾಡಬೇಡ. ಕಾಜಾ ಹೊಲಿದಂಗೆ ನೀಟಾಗಿ ಆಗೋಗ್ತದೆ!”

ಗಿರ್ರ್ ಎಂದು ಯಂತ್ರ ತಿರುಗಿತು. ಆವಲಪ್ಪ ಮನೆದೇವರನ್ನು ನೆನೆದು ಮುಗಿಸಿ ಹೆಂಡತಿಯ ತವರಿನ ದೇವರಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಡಾಕ್ಟರು ಒಂದು ಬಾಟಲಿಯ ಬಿರಡೆ ತೆಗೆದರು. ಘಮ್ಮೆಂದು ಲವಂಗದ ವಾಸನೆ! ಬಾಟಲಿ ತುಂಬ ಲವಂಗದೆಣ್ಣೆ! ಹತ್ತಿಯಲ್ಲಿ ಅದ್ದಿ ಕಿಂಡಿಗೆ ಇಟ್ಟು, ಮೇಲೊಂದು ಹತ್ತಿಯುಂಡೆ ಕಚ್ಚಿಸಿದರು.

“ಒಂದು ಗಂಟೆ ಬಾಯಿ ತೆರೀಬೇಡಿ, ಮಾತೂ ಬೇಡ. ಬರೋ ವಾರ ಒಳಗಿನ ನರ ತೆಗೆದುಬಿಡೋಣ. ಮತ್ತೆ ನೋವಿನ ಮಾತೇ ಇಲ್ಲ.”

ಒನಕೆ ನಿಂತಿತ್ತು! ಮೂರು ದಿನದ ಮೇಲೆ ಹೊಂಗೆಯ ನೆರಳು ತಂಪೆನಿಸಿತು. ಎದುರಿಗೆ ಸಾಲು ಬೆಳೆಯುತ್ತಿತ್ತು. ಹೆಂಗಸರು ಅವನನ್ನು ಮಕ್ಕಳಿಗೆ ತೋರಿಸುತ್ತಿದ್ದರು. ಚೇರ್ಮನ್ ಇನ್ನೊಂದು ತಟ್ಟೆ ತಂದು ಎದುರಿಗೆ ಹಿಡಿದ. ಎಲೆ, ಅಡಿಕೆ, ಮೇಲೆ ಲವಂಗ. ಮರ್ಯಾದೆಯ ತಾಂಬೂಲ! ಆವಲಪ್ಪ ಎದ್ದು ನಿಂತು, ತಲೆಬಾಗಿ, ಎರಡೂ ಕೈಯಿಂದ ಎತ್ತಿಕೊಂಡ.

ಊರೆಲ್ಲ ಹೋ ಎಂದು ಕೂಗಿತು. ತಮಟೆ ಮತ್ತೆ ಶುರುವಾಯಿತು. ಚೇರ್ಮನ್ನನ ಬೆನ್ನ ಹಿಂದಿನಿಂದ ಛತ್ರಿ ಹಿಡಿದ ಹೆಲ್ತ್ ಇನ್‌ಸ್ಪೆಕ್ಟರು ಮುಂದೆ ಬಂದು, “ಹೆಸರು ಆವಲಪ್ಪ. ಮಕ್ಕಳು ಎಷ್ಟು?” ಎನ್ನುತ್ತ ಪುಸ್ತಕ ಬಿಚ್ಚಿದರು.

“ಐದು,” ಅಂದಳು ಎಲ್ಲಿಂದಲೋ ಬಂದ ಮುನಿಯಲ್ಲಮ್ಮ. “ಬರ್ಕೊಳಿ, ಬರ್ಕೊಳಿ.”

“ಸೋಮವಾರ ಯಲಹಂಕದಲ್ಲಿ ಕುಟುಂಬ ಯೋಜನೆ ಆಪರೇಷನ್ನು,” ಎಂದು ಚೇರ್ಮನ್ ಅವನ ಬೆನ್ನು ತಟ್ಟಿದ. “ಎರಡು ತಿಂಗ್ಳಿಂದ ಈ ವೀಳ್ಯ ಎತ್ತೋ ಗಂಡಸೇ ಇರ್ಲಿಲ್ಲ ಕಣಪ್ಪಾ. ಅಲ್ಲೂ ಒಂದು ಸಣ್ಣ ನರ ಅಷ್ಟೇ. ನಿಂಗೆ ಏನೂ ಒಸದಲ್ಲ!”

ಆವಲಪ್ಪ ಕೈ ಬೀಸಿದ, ತಲೆ ಕೊಡವಿದ, ಕುಣಿದ. ಬಾಯಿಂದ ಬಂದದ್ದು ಬರೀ “ಊಂ... ಊಂ...”

“ಊಂ ಅಂದ, ಊಂ ಅಂದ!” ಎಂದು ಜನ ಹಾರ ಬದಲಾಯಿಸಿದರು.

ನೂರುಲ್ಲಾ ಬೆವರೊರೆಸಿಕೊಂಡು ಇನ್‌ಸ್ಪೆಕ್ಟರ ಹತ್ತಿರ ಬಂದ. “ಸಾಹೇಬ್ರೇ, ಅಲ್ಲೂ ಪೆಡಲು ತುಳಿಯೋದಿದ್ರೆ ಹೇಳಿ, ನಾನೇ ಬರ್ತೀನಿ.”