ನಮ್ಮ ವಾಡಿಯ ಜನಸಂಖ್ಯೆ ಬಸ್ ಹತ್ತಿದ್ದು

ನಮ್ಮ ವಾಡಿಯಲ್ಲಿ ಏನಾದರೊಂದು ಫಜೀತಿ ಆಗದೆ ವಾರ ಕಳೆಯುವುದಿಲ್ಲ. ಊರು ಎಷ್ಟು ಚಿಕ್ಕದೆಂದರೆ, ಆದ ಫಜೀತಿ ಒಬ್ಬರಿಗೇ ಆಗುವುದೂ ಇಲ್ಲ, ಎಲ್ಲರಿಗೂ ಆಗುತ್ತದೆ. ಗೋರೆಗಾಂವ್ ಸ್ಟೇಷನ್ನಿನಿಂದ ಹೊರಟ ಏರು ರಸ್ತೆ ಸುಸ್ತಾಗಿ ನಿಲ್ಲುವಲ್ಲಿ ಸಾಲುಮನೆಗಳ ಎರಡು ಚಾಳು, ಒಂದು ಹಳೇ ಬಿಲ್ಡಿಂಗ್, ಒಂದು ಗಣಪತಿ ಗುಡಿ, ಒಂದು ಹಿಟ್ಟಿನ ಗಿರಣಿ. ಇಷ್ಟೇ ನಾವು. ಫೋನಿನ ಮ್ಯಾಪಿನಲ್ಲಿ ಹುಡುಕಿದರೆ ಪಕ್ಕದ ಟವರಿನ ಪಾರ್ಕಿಂಗ್ ತೋರಿಸುತ್ತದೆ.

ನಾನು ಇಲ್ಲಿ ಬ್ಲೌಸ್ ಹೊಲಿಯುವವಳು. ಇಡೀ ವಾಡಿಯ ಹೆಂಗಸರ ಅಳತೆ ನನಗೆ ಬಾಯಿಪಾಠ. ಹಾಗಾಗಿ ಊರಿನ ವಿಷಯ ಏನೇ ಬಂದರೂ "ಅಕ್ಕನನ್ನು ಕೇಳಿ" ಅನ್ನುತ್ತಾರೆ.

ಈ ಸಲ ಬಂದದ್ದು ಬಸ್ಸಿನ ವಿಷಯ. ಸ್ಟೇಷನ್ನಿನಿಂದ ನಮ್ಮಲ್ಲಿಗೆ ಒಂದು ಪುಟ್ಟ ಬಸ್ ಬರುತ್ತದೆ. ಹಗಲೆಲ್ಲ ಖಾಲಿ ಓಡುತ್ತದೆ, ನಿಲ್ಲಿಸಿಬಿಡೋಣ ಅಂತ ಬಸ್ಸಿನ ಆಫೀಸಿನವರ ಆಲೋಚನೆಯಂತೆ. ನಮಗಾದರೆ ಕಾಲಿದೆ, ನಡೆಯುತ್ತೇವೆ. ಆದರೆ ವಾಡಿಯ ಹಿರಿಯಳು, ನಾವೆಲ್ಲ ಆಜಿ ಅನ್ನುವ ಮರಾಠಿ ಮುದುಕಿಗೆ ಮಂಡಿ ನೋವು. ಬಸ್ ನಿಂತರೆ ಅವಳು ಪರೇಲಿನ ಡಾಕ್ಟರ ಮುಖ ನೋಡುವುದೂ ನಿಂತಂತೆ.

ಮೊದಲು ಬಂದವರು ಯಾರು

ವಾಡಿ ತುಂಬ ಹಳೆಯದು ಅಂತ ಆಫೀಸಿಗೆ ತಿಳಿಸಿದರೆ ಮರ್ಯಾದೆ ಕೊಟ್ಟಾರು ಎಂದು ನಮ್ಮ ಮಂಡಳಿಯ ಸೆಕ್ರೆಟರಿಗೆ ಹೊಳೆಯಿತು. ಉಡುಪಿ ಕಡೆಯವರು, ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಯಾರನ್ನೂ ಕಾಯಿಸದೆ ಮಾತಾಡುವ ಅಭ್ಯಾಸ. ಗುಡಿಯ ಕಟ್ಟೆಯ ಮೇಲೆ ಮೀಟಿಂಗ್ ಕರೆದು ತಾವೇ ಶುರು ಮಾಡಿದರು.

"ನಮ್ಮ ಅಪ್ಪ ಬರುವಾಗ ಇಲ್ಲಿ ಬರೀ ಕಾಡು ಮಾರಾಯ್ರೆ. ಒಂದು ನರಪಿಳ್ಳೆ ಇರ್ಲಿಲ್ಲ."

ವಿಜಯಪುರ ಕಡೆಯ ಮೇಸ್ತ್ರಿ ಸುಮ್ಮನಿರುತ್ತಾರೆಯೇ? "ಏನ್ ಹೇಳ್ತೀರಿ ಸಾಹೇಬ್ರ, ನಿಮ್ಮ ಅಪ್ಪಾರ ಇದ್ದ ಮನಿ ಗ್ವಾಡಿ ಕಟ್ಟಿದಾಂವಾ ನಮ್ಮ ಅಪ್ಪ. ಮೊದಲ ಗ್ವಾಡಿ ಬರ್ತೈತೋ, ಮೊದಲ ಮಂದಿ ಬರ್ತಾರೋ?"

ಇಬ್ಬರ ಅಪ್ಪಂದಿರೂ ಅವತ್ತು ಸಂಜೆ ಸ್ವರ್ಗದಲ್ಲಿ ಬಿಕ್ಕಳಿಸಿರಬೇಕು. ಕೊನೆಗೆ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಆಜಿ ತಲೆ ಎತ್ತಿದಳು. "ಅರೇ, ದೋನೋಂ ಕೋ ಪಾನೀ ಕಿಸ್ನೆ ಪಿಲಾಯಾ? ಮೈಂನೇ!" ಇಬ್ಬರ ಅಪ್ಪಂದಿರಿಗೂ ಬಂದ ದಿನ ಕುಡಿಯಲು ನೀರು ಕೊಟ್ಟವಳು ಅವಳೇ ಅಂತೆ.

ಸೆಕ್ರೆಟರಿ, ಅರ್ಜಿ ಬರೆಯುತ್ತಿದ್ದ ನನ್ನ ಕಡೆ ತಿರುಗಿದರು. "ಅಕ್ಕಾ, ಬರೀ ಕಾಡು ಅಂತ ಬರೀಬೇಡಿ. ಕಾಡು ಮತ್ತು ಒಬ್ಬಳು ಆಜಿ ಅಂತ ಬರೀರಿ."

ಗಂಡ ಲೆಕ್ಕಕ್ಕುಂಟೋ ಇಲ್ಲವೋ

ಇತಿಹಾಸ ಮುಗಿಯಿತು, ಇನ್ನು ಜನಸಂಖ್ಯೆ. ಇಲ್ಲಿ ಎಷ್ಟು ಜನ ಇದ್ದೇವೆ ಅಂದರೆ ಯಾವ ದಿನ, ಯಾವ ಹೊತ್ತು ಅಂತ ಕೇಳಬೇಕು. ಮೇಸ್ತ್ರಿಯ ಕಡೆಯವರು ಬಿತ್ತನೆಗೆ ಊರಿಗೆ ಹೋಗಿದ್ದಾರೆ. "ಹ್ವಾದವ್ರು ಹೋದಂಗಲ್ರಿ ಅಕ್ಕಾರ, ಪಾತ್ರಿ ಪಗಡ ಎಲ್ಲಾ ಇಲ್ಲೇ ಅದಾವ" ಅಂತ ಅವರ ವಾದ. ಪವಾಯಿಯಲ್ಲಿ ಫ್ಲ್ಯಾಟ್ ಕೊಂಡು ಹೋದವರು ಈಗಲೂ ಗೋಧಿ ಬೀಸಲು ನಮ್ಮ ಗಿರಣಿಗೇ ಬರುತ್ತಾರೆ. ಅವರು ನಮ್ಮವರೋ, ಪವಾಯಿಯವರೋ?

ಹೋಟೆಲಿನ ಗಂಡಸರದ್ದು ಇನ್ನೊಂದು ತಕರಾರು. ಅರ್ಧಕ್ಕರ್ಧ ಜನ ಹೋಟೆಲಿನಲ್ಲೇ ಮಲಗಿ ವಾರದ ರಜೆಗೆ ಮಾತ್ರ ಮನೆ ಕಾಣುವವರು. ನಮ್ಮ ಯಜಮಾನರೂ ಅದೇ ಪಂಗಡ. ಪರೇಲಿನಲ್ಲಿ ದೋಸೆ ಹುಯ್ಯುತ್ತಾರೆ, ಸೋಮವಾರ ಬರುತ್ತಾರೆ.

ಸೆಕ್ರೆಟರಿ ಸಂಕೋಚದಿಂದ ಕೇಳಿದರು. "ಅಕ್ಕಾ, ತಪ್ಪು ತಿಳ್ಕೊಬೇಡಿ. ನಿಮ್ಮ ಯಜಮಾನ್ರನ್ನ ಸೇರಿಸ್ಬೇಕಾ?"

"ಸೇರ್ಸಿ," ಅಂದೆ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ಕಡೆಯಾದ್ರೂ ಅವ್ರು ಮನೇಲಿದ್ದಾರೆ ಅಂತ ಇರ್ಲಿ."

ಸಾಹೇಬರು ಬಂದರು, ಹೋದರು

ಇಷ್ಟೆಲ್ಲ ಬರೆದು ಕಳಿಸಿದ ಮೇಲೆ ಒಂದು ಮಧ್ಯಾಹ್ನ ಬಸ್ಸಿನ ಆಫೀಸಿನ ಸಾಹೇಬರು ಹೇಳದೆ ಕೇಳದೆ ನೋಡಲು ಬಂದರು. ಗಂಡಸರೆಲ್ಲ ಹೋಟೆಲಿಗೆ, ಹೆಂಗಸರೆಲ್ಲ ಟವರುಗಳ ಮನೆಗೆಲಸಕ್ಕೆ ಹೋದ ಹೊತ್ತು. ನಾನು ಒಳಗೆ ಮಶೀನಿನ ಗಡಗಡದಲ್ಲಿದ್ದೆ. ಹೊರಗಿದ್ದದ್ದು ಹಪ್ಪಳ ಒಣಗಿಸುತ್ತಿದ್ದ ಆಜಿ, ಆ ಹಪ್ಪಳಕ್ಕೆ ಕಾದಿದ್ದ ಬೆಕ್ಕು.

ಆಜಿಗೆ ನಾವೇ ಒಂದು ಪಾಠ ಕಲಿಸಿದ್ದೆವು. ಹೆಗಲಿಗೆ ಬ್ಯಾಗ್ ಹಾಕಿದವನು ಯಾರೇ ಬರಲಿ, ಅವನು ಕುಕ್ಕರ್ ಮಾರುವವನೋ ಇನ್ಶೂರೆನ್ಸಿನವನೋ ಆಗಿರುತ್ತಾನೆ, ಯಾರೂ ಇಲ್ಲ ಅಂದುಬಿಡು ಅಂತ. ಸಾಹೇಬರ ಹೆಗಲಲ್ಲಿ ಬ್ಯಾಗ್ ಇತ್ತು.

"ಇಲ್ಲಿ ಜನ ಇರ್ತಾರಾ ಆಜಿ?" ಅಂತ ಅವರು ಮರಾಠಿಯಲ್ಲಿ ಕೇಳಿದರಂತೆ.

"ಕೋಣೀ ನಾಹೀ," ಅಂದಳು ಆಜಿ. ಯಾರೂ ಇಲ್ಲ.

"ಮತ್ತೆ ಯಾವಾಗ ಬರ್ತಾರೆ?"

"ದೀಪಾವಳಿಗೆ."

ಸಂಜೆ ಬಸ್ಸಿನ ಡ್ರೈವರ್ ಬಂದು, ಸಾಹೇಬರು ತಲೆ ಅಲ್ಲಾಡಿಸಿಕೊಂಡು ವಾಪಸ್ ಹೋದರು ಅಂತ ಸುದ್ದಿ ಹೇಳಿದಾಗ ಸೆಕ್ರೆಟರಿ ಆಜಿಗೆ ದೊಡ್ಡದಾಗಿ ಕೈ ಮುಗಿದರು. ಆಜಿ ಮಾತ್ರ ಖುಷಿಯಾಗಿದ್ದಳು. ಅಷ್ಟು ಬೇಗ ಜಾಗ ಖಾಲಿ ಮಾಡಿದ ಇನ್ಶೂರೆನ್ಸಿನವನನ್ನು ಅವಳು ನೋಡಿಯೇ ಇರಲಿಲ್ಲವಂತೆ.

ಎಲ್ಲರಿಗೂ ರಜೆ

ಸೆಕ್ರೆಟರಿ ಕೈಕಾಲು ಹಿಡಿದು ಸಾಹೇಬರನ್ನು ಇನ್ನೊಮ್ಮೆ ಬರಲು ಒಪ್ಪಿಸಿದರು. ಈ ಸಲ ದಿನ ಗೊತ್ತಿತ್ತು. ವಾಡಿಗೆ ವಾಡಿಯೇ ಕೆಲಸಕ್ಕೆ ರಜೆ ಹಾಕಿತು. ಮೇಸ್ತ್ರಿ ಗಡ್ಡ ಬೋಳಿಸಿದರು. ನಮ್ಮ ಯಜಮಾನರು ಮದುವೆಮನೆಗೆಂದು ಎತ್ತಿಟ್ಟ ಅಂಗಿ ಹಾಕಿದರು. ನಾನು ಹೊಲಿದ ಬ್ಲೌಸುಗಳೆಲ್ಲ ಒಟ್ಟಿಗೆ ಸ್ಟಾಪಿನಲ್ಲಿ ನಿಂತದ್ದು ನೋಡಿ ನನಗೆ ಎದೆ ಉಬ್ಬಿತು.

ಬಸ್ ಬಂತು. ಸಾಹೇಬರು ಇಳಿದು ಕಣ್ಣರಳಿಸಿ ನೋಡಿದರು. ಕಂಡಕ್ಟರ್ "ಚಲಾ, ಚಲಾ" ಅಂದ. ಯಾರೂ ಕದಲಲಿಲ್ಲ.

ಸ್ಟಾಪಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಹಿಂದಿನ ದಿನವೇ ತೀರ್ಮಾನವಾಗಿತ್ತು. ಹತ್ತಬೇಕು ಅನ್ನುವುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

"ಬಸ್ ಬಂದಿದೆಯಲ್ಲ, ಯಾಕೆ ಹತ್ತೋದಿಲ್ಲ?" ಸಾಹೇಬರು ಕೇಳಿದರು.

ಮೇಸ್ತ್ರಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಆಜ್ ಛುಟ್ಟೀ ಹೈ ಸಾಬ್. ಕಹಾಂ ಜಾಯೇಂಗೆ?"

ರಜೆಯ ದಿನ ಎಲ್ಲಿಗೆ ಹೋಗುವುದು! ಸೆಕ್ರೆಟರಿ ಮೇಸ್ತ್ರಿಯ ಸೊಂಟಕ್ಕೆ ಚಿವುಟಿ ಬಸ್ಸಿನೊಳಗೆ ತಳ್ಳಿದರು. ಹಿಂದೆಯೇ ನಾವೆಲ್ಲ ನುಗ್ಗಿದೆವು. ಆಜಿಯನ್ನು ಎತ್ತಿ ಮುಂದಿನ ಸೀಟಿಗೆ ಕೂರಿಸಿದೆವು, ಸಾಹೇಬರೂ ಒಂದು ಸೀಟು ಹಿಡಿದರು. ಸ್ಟೇಷನ್ ಬಂತು. ಅಲ್ಲಿಯೂ ಯಾರೂ ಇಳಿಯಲಿಲ್ಲ, ಸ್ಟೇಷನ್ನಿನಲ್ಲಿ ನಮಗೇನು ಕೆಲಸ? ಕಂಡಕ್ಟರ್ ಮರುಮಾತಿಲ್ಲದೆ ವಾಪಸಿನ ಟಿಕೆಟ್ ಹರಿದ. ಸಾಹೇಬರು ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಅವರ ಸೀಟಿನಲ್ಲಿ ನಮ್ಮ ಯಜಮಾನರು ಕೂತಿದ್ದರು. ಪಾಪ, ಸಾಹೇಬರು ಏರು ರಸ್ತೆಯುದ್ದಕ್ಕೂ ಬಾಗಿಲಿಗೆ ಜೋತುಬಿದ್ದುಕೊಂಡೇ ಬಂದರು.

ಹೋಗುವಾಗಲೂ ಭರ್ತಿ, ಬರುವಾಗಲೂ ಭರ್ತಿ. ಅಂಥ ಬಸ್ಸನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲವಂತೆ. ಬಸ್ ಉಳಿಯಿತು. ಸೆಕ್ರೆಟರಿ ಪೇಡೆ ಹಂಚಿದರು, ಆಜಿ ನನ್ನ ಕೈ ಹಿಡಿದುಕೊಂಡು ಎರಡು ಹನಿ ಕಣ್ಣೀರು ಹಾಕಿದಳು, ನಾನೂ ಹಾಕಿದೆ.

ವಾರದೊಳಗೆ ಡ್ರೈವರ್ ಇನ್ನೊಂದು ಸುದ್ದಿ ತಂದ. ಇಷ್ಟು ಜನ ಜೋತಾಡಿಕೊಂಡು ಹೋಗುವುದು ಅಪಾಯ ಅಂತ ಸಾಹೇಬರು ಮಧ್ಯಾಹ್ನಕ್ಕೆ ಎರಡನೇ ಬಸ್ಸನ್ನೂ ಮಂಜೂರು ಮಾಡಿದ್ದಾರೆ!

ಸೆಕ್ರೆಟರಿ ಗುಡಿಯ ಕಟ್ಟೆಯಲ್ಲಿ ಮತ್ತೆ ಮೀಟಿಂಗ್ ಕರೆದರು. ಮೇಸ್ತ್ರಿ ಕೇಳಿದರು. "ಅದರಾಗ ಯಾರ್ ಕುಂದ್ರೂದ್ರಿ?"

ಅದು ಖಾಲಿ ಓಡಿದರೆ ಎರಡೂ ಹೋದಾವು ಎಂಬ ಭಯಕ್ಕೆ ಸೆಕ್ರೆಟರಿ ಪಾಳಿ ಹಾಕಿದ್ದಾರೆ. ಯಾರಿಗೆ ಯಾವ ದಿನ ರಜೆಯೋ ಅವರು ಆ ಮಧ್ಯಾಹ್ನ ಬಸ್ಸಿನಲ್ಲಿ ಕೂರಬೇಕು. ಸೋಮವಾರ ನಮ್ಮ ಯಜಮಾನರದ್ದು. ವಾರಕ್ಕೊಮ್ಮೆ ಮನೆಗೆ ಬರುವ ಗಂಡನಿಗೆ ನಾನೀಗ ಸ್ಟಾಪಿನಲ್ಲಿ ನಿಂತು ಕಿಟಕಿಯಿಂದ ಊಟದ ಡಬ್ಬಿ ಕೊಡುತ್ತೇನೆ. ಇನ್ನಷ್ಟು ಸಾರು ಬೇಕೆಂದರೆ ಬಸ್ ಒಂದು ಸುತ್ತು ಹೋಗಿ ಬರುವವರೆಗೆ ಕಾಯಬೇಕು.