ಆರ್ಡಿಸ್ ಅಜ್ಜಿಯ ಒಂಬತ್ತನೆಯ ಚೀಲ

ಈ ವರ್ಷ ಒಂದೇ ಒಂದು ಎಲೆಯನ್ನೂ ಚೀಲಕ್ಕೆ ತುಂಬುವುದಿಲ್ಲ ಎಂದು ಅಕ್ಟೋಬರ್ ಮೊದಲ ದಿನವೇ ಅಡುಗೆಮನೆಯಲ್ಲಿ ನಿಂತು ಘೋಷಿಸಿಬಿಟ್ಟೆ. ಮಿನೆಸೋಟಾದ ಚಳಿಯಲ್ಲಿ ನೆಲಕ್ಕೆ ಎಲೆಯೇ ಕಂಬಳಿ! ಒಣಗಿದ ದಂಟುಗಳನ್ನು ಕತ್ತರಿಸಕೂಡದು, ಅವುಗಳೊಳಗೆ ಪುಟ್ಟ ಜೇನ್ನೊಣಗಳು ಮಲಗುತ್ತವೆ!

"ಲೀಲೆಂಡ್, ಸೋಮಾರಿತನಕ್ಕೆ ಇದು ಹೊಸ ಹೆಸರಾ?" ಎಂದಳು ನನ್ನ ಹೆಂಡತಿ ವರ್ನಾ.

"ಪರಿಸರಪ್ರೇಮ ಕಣೇ!"

"ನಿನ್ನೆ ಪಾತ್ರೆ ತೊಳೀದೆ ಬಿಟ್ಟಿದ್ದೂ ಪರಿಸರಪ್ರೇಮಾನೇ?"

ಇಂಥ ಮಾತಿಗೆಲ್ಲ ಮಹಾಪುರುಷರು ಕುಗ್ಗುವುದಿಲ್ಲ. ಆದರೆ ಒಂದು ತೊಡಕಿತ್ತು. ನಮ್ಮ ಅಂಗಳದಲ್ಲಿರುವುದು ಒಂದೇ ಬಡಕಲು ಬರ್ಚ್ ಮರ. ಅದರ ಎಲೆ ಒಂದು ಪಾತಿಯ ಮೂಲೆಗೂ ಸಾಲಲಿಲ್ಲ. ಎದುರುಮನೆಯ ಆರ್ಡಿಸ್ ಅಜ್ಜಿಗೋ ಮೂರು ಭಾರಿ ಮೇಪಲ್ ಮರಗಳು! ಮಂಗಳವಾರ ಎಲೆ ಒಯ್ಯುವ ಲಾರಿ ಬರುವ ದಿನ. ಬೆಳಗ್ಗೆ ನೋಡಿದರೆ ಅವರ ಮನೆ ಮುಂದೆ ರಸ್ತೆ ಬದಿಯಲ್ಲಿ ಒಂಬತ್ತು ಕಾಗದದ ಚೀಲಗಳು ಸಾಲಾಗಿ ನಿಂತಿವೆ. ಈ ಸಂಪತ್ತು ಲಾರಿಯ ಪಾಲಾಗಬೇಕೇ? ಕೈಗಾಡಿಯಲ್ಲಿ ಮೂರು ಸಲ ಓಡಾಡಿ ಎಲ್ಲವನ್ನೂ ಹಿತ್ತಲಿಗೆ ಸಾಗಿಸಿದೆ. ಇದು ಕಳ್ಳತನವಲ್ಲ, ವಿಮೋಚನೆ!

ಚೀಲಗಳನ್ನು ಸುರಿದು, ಎಲೆ ಪುಡಿಯಾಗಲೆಂದು ಹುಲ್ಲು ಕತ್ತರಿಸುವ ಯಂತ್ರ ಹರಿಸಿದೆ. ಎಂಟು ಚೀಲ ಸಲೀಸಾಗಿ ಮುಗಿದವು. ಒಂಬತ್ತನೆಯದು ಮಾತ್ರ ಟಕ ಟಕ ಟಕ ಎಂದಿತು! ಓಕ್ ಕಾಯಿ ಇರಬೇಕು ಎಂದುಕೊಂಡೆ. ಮೇಪಲ್ ಮರದಲ್ಲಿ ಓಕ್ ಕಾಯಿ ಬಿಡುವುದಿಲ್ಲ ಎಂಬ ಸಣ್ಣ ವಿಷಯ ಈ ಮಹಾ ಪರಿಸರವಾದಿಗೆ ಹೊಳೆಯಲೇ ಇಲ್ಲ. ಕಳೆ ಬರದಿರಲೆಂದು ಖಾಲಿ ಚೀಲಗಳನ್ನು ಪಾತಿಗಳ ಮೇಲೆ ಹಾಸಿದೆ.

ಸಂಜೆ ಕೆಲಸ ಮುಗಿಸಿ ಬಂದ ವರ್ನಾಳ ಕಣ್ಣಲ್ಲಿ ನೀರು. "ಆರು ವರ್ಷದಿಂದ ಆರ್ಡಿಸ್ ಹತ್ರ ಆ ಕಡುಗೆಂಪು ಡೇಲಿಯಾ ಹೂವಿನ ಗೆಡ್ಡೆ ಕೇಳ್ತಿದ್ದೆ. ಈ ವರ್ಷ ಒಪ್ಪಿದ್ರು. ಗೆಡ್ಡೆ ಅಗೆದು, ಹಿಮ ತಾಗಬಾರ್ದು ಅಂತ ಚೀಲದಲ್ಲಿ ಒಣ ಎಲೆ ಮುಚ್ಚಿ, ನಾನು ಬರ್ತಾ ತಗೊಳ್ಳಲಿ ಅಂತ ರಸ್ತೆ ಬದೀಲಿ ಇಟ್ಟಿದ್ರಂತೆ. ಆ ಲಾರಿಯವ್ರು ಹೊತ್ಕೊಂಡು ಹೋಗಿದಾರೆ!"

"ಛೆ, ಈ ಲಾರಿಯವ್ರಿಗೆ ಜವಾಬ್ದಾರಿ ಅನ್ನೋದೇ ಇಲ್ಲ!" ಎಂದೆ. ಮೆಲ್ಲಗೆ ಹಿತ್ತಲ ಕಿಟಕಿಯ ಪರದೆ ಎಳೆಯಲು ಹೊರಟೆ.

ವರ್ನಾ ಹಿತ್ತಲ ಕಿಟಕಿಯತ್ತ ತಿರುಗಿದಳು. ಪಾತಿಯ ಮೇಲೆ ಅಂಗಾತ ಬಿದ್ದಿದ್ದ ಚೀಲದಲ್ಲಿ, ಬೆಳಗ್ಗೆ ಕನ್ನಡಕವಿಲ್ಲದೆ ನಾನು ನೋಡದೇ ಹೋದ ದಪ್ಪ ಅಕ್ಷರಗಳು: "ವರ್ನಾಗೆ. ಎಲೆಯಲ್ಲ, ಡೇಲಿಯಾ ಗೆಡ್ಡೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಹೋಗು, ಅವರಿಗೆ ನೀನೇ ಹೇಳು" ಎಂದಳು.

ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಆರ್ಡಿಸ್ ಅಜ್ಜಿ ಬಾಗಿಲು ಹಿಡಿದುಕೊಂಡು ನಕ್ಕರು.

"ನೆಲಮಾಳಿಗೇಲಿ ಇನ್ನೊಂದು ಗೊಂಚಲು ಗೆಡ್ಡೆ ಇದೆ, ಕೊಡ್ತೀನಿ ಬಿಡು. ಆದ್ರೆ ನನ್ನ ಮೇಪಲ್‌ಗಳು ಇನ್ನೂ ಅರ್ಧ ಉದುರಿಲ್ಲ ನೋಡು."

"ಎಲೇನ ನೆಲದ ಮೇಲೇ ಬಿಟ್ರೆ ಜೇನ್ನೊಣಗಳಿಗೆ..."

"ಬಾಚೋ ಕೋಲು ಅಲ್ಲಿದೆ!"

ಮುಂದಿನ ಮಂಗಳವಾರ, ಒಂದೇ ಒಂದು ಎಲೆಯನ್ನೂ ಚೀಲಕ್ಕೆ ತುಂಬೆನೆಂದ ಧೀರ ಇಪ್ಪತ್ತೆರಡು ಚೀಲಗಳನ್ನು ರಸ್ತೆ ಬದಿಗೆ ಸಾಗಿಸಿದ. ನಮ್ಮ ಜಗುಲಿಯಲ್ಲಿ ಕಾಫಿ ಹಿಡಿದು ನಿಂತಿದ್ದ ವರ್ನಾ ಜೋರಾಗಿ ಎಣಿಸುತ್ತಿದ್ದಳು. ಒಂದೊಂದು ಚೀಲದ ಮೇಲೂ ಅಜ್ಜಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು: "ಇದರಲ್ಲಿ ಎಲೆ ಮಾತ್ರ. ಲೀಲೆಂಡ್, ಮನೆಗೆ ಹೋಗು."