ಪಪ್ಪನ ಸೀಯಾಳ, ನನ್ನ ಕೆಮಿಸ್ಟ್ರಿ

ಕೆಮಿಸ್ಟ್ರಿಗೆ ಹೆದರಿ ಓಡಿಹೋದವರನ್ನು ಅದು ಹುಡುಕಿಕೊಂಡು ಮನೆಗೇ ಬರುತ್ತದೆ. ನಮ್ಮ ಮನೆಯಲ್ಲಿ ಅದು ಪಪ್ಪನ ರಕ್ತದಲ್ಲೇ ಬಂದು ಕುಳಿತಿತು. ನಾನು ಇಲ್ಲಿಯ, ದೋಹಾದ, ಕಾಲೇಜಿಗೆ ಡಾಕ್ಟರಾಗಲೆಂದೇ ಸೇರಿದವಳು. ಲ್ಯಾಬಿನಲ್ಲಿ ಹನಿಹನಿಯಾಗಿ ದ್ರಾವಣ ಬಿಟ್ಟಾಗ ಎಲ್ಲರ ಗಾಜಿನ ಪಾತ್ರೆಯಲ್ಲೂ ನಸುಗುಲಾಬಿ ಬಣ್ಣ ಬಂದರೆ ನನ್ನದರಲ್ಲಿ ಮಾತ್ರ ಕಡುಗೆಂಪು ಪುನರ್ಪುಳಿ ಶರಬತ್ತು ತಯಾರಾಗುತ್ತಿತ್ತು. ಎರಡು ಸಲ ಫೇಲಾಗಿ ನರ್ಸಿಂಗಿಗೆ ಬದಲಾಯಿಸಿಕೊಂಡೆ. ಅತ್ತದ್ದು ನಾನಲ್ಲ, ಮಮ್ಮಿ. ಅಬು ಹಮೂರಿನ ಇಗರ್ಜಿಯಲ್ಲಿ, ಇಲ್ಲಿ ರಜಾದಿನವಾದ ಶುಕ್ರವಾರದ ಪೂಜೆ ಮುಗಿದ ಕೂಡಲೇ ಮಂಡಿನೋವು, ಬಿ.ಪಿ. ಎಂದು ನನ್ನನ್ನು 'ಡಾಕ್ಟರಮ್ಮ' ಎಂದೇ ಕರೆದು ಸುತ್ತುವರಿಯುತ್ತಿದ್ದವರಿಗೆ ಇನ್ನು ಎಂತ ಹೇಳುವುದು ಎಂಬುದು ಅವಳ ಸಂಕಟ. ಕೊನೆಗೆ ನಾನು ನರ್ಸಾಗಿ ಕೆಲಸಕ್ಕೆ ಸೇರಿದಾಗ "ಆಸ್ಪತ್ರೆಯಲ್ಲಿದ್ದಾಳೆ" ಎಂದಷ್ಟೇ ಹೇಳಿ, ಉಳಿದದ್ದನ್ನು ಕೇಳಿದವರ ಊಹೆಗೆ ಬಿಟ್ಟಳು.

ಕಳೆದ ವರ್ಷ ಪಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್ ಶುರುವಾಯಿತು. ಸೀಯಾಳ, ಬಾಳೆಹಣ್ಣು ಬಂದ್. ಅವುಗಳಲ್ಲಿರುವ ಪೊಟ್ಯಾಷಿಯಂ ರಕ್ತದಲ್ಲಿ ಏರಿದರೆ ಹೃದಯವೇ ನಿಂತೀತು ಎಂದು ನಾನು ಹೇಳಿದೆ. ಆದರೆ ನಮ್ಮ ಕರಾವಳಿಯವರು ರೋಗಿಯನ್ನು ನೋಡಲು ಸೀಯಾಳವಿಲ್ಲದೆ ಬರುವುದುಂಟೇ? ಅಲ್ ಮುಂತಜಾದ ನಮ್ಮ ಫ್ಲ್ಯಾಟಿನ ಫ್ರಿಜ್ಜಿನಲ್ಲಿ ಹಾಲಿಡಲೂ ಜಾಗ ಉಳಿಯಲಿಲ್ಲ.

"ಸೀಯಾಳ ತಂಪಲ್ವಾ ಮಾರಾಯ್ತಿ, ಅದರಿಂದ ಎಂತ ಆಗ್ತದೆ?" ಎಂದರು ಪಪ್ಪನ ಗೆಳೆಯ ವಿನ್ಸೆಂಟ್ ಅಂಕಲ್.

"ಒಂದು ಗುಟುಕೂ ಬೇಡ ಅಂಕಲ್. ಖಲಾಸ್."

"ಇದು ಡಾಕ್ಟರ್ ಹೇಳಿದ್ದಾ, ನೀನೇ ಹೇಳುವುದಾ?" ಎಂದಳು ಮಮ್ಮಿ.

ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ಎಳೆದುಕೊಂಡು ಡ್ಯೂಟಿಗೆ ಹೋದೆ. ಆಮೇಲೆ ಮಮ್ಮಿಯೇ ಪಪ್ಪನಿಗೆ ಎರಡು ಸೀಯಾಳ ಕುಡಿಸಿದಳು. ಸಂಜೆಯೊಳಗೆ ಕೈಕಾಲು ಸೋತು, ಎದೆಬಡಿತ ತಪ್ಪಿದ ಪಪ್ಪನನ್ನು ನಮ್ಮ ಆಸ್ಪತ್ರೆಗೇ ಹೊತ್ತು ತಂದರು. ಎಷ್ಟೋ ಜನರಿಗೆ ಧೈರ್ಯ ಹೇಳಿದ ನಾನು ಆವತ್ತು ಎಲ್ಲರಂತೆ ಬಾಗಿಲಾಚೆ ನಿಂತಿದ್ದೆ. ಪಪ್ಪ ಹೋಗಿಯೇಬಿಡುತ್ತಾರೆ ಎಂದುಕೊಂಡಿದ್ದೆ. ಬಹಳ ಹೊತ್ತಿನ ಮೇಲೆ ನನ್ನ ಪ್ರಾಯದ ಡಾಕ್ಟರೊಬ್ಬ ಹೊರಗೆ ಬಂದು, ಬದುಕಿದ್ದಾರೆ ಎಂದು ತಿಳಿಸಿ, ಪೊಟ್ಯಾಷಿಯಂ ಬಗ್ಗೆ ನಾನು ಮನೆಯಲ್ಲಿ ಹೇಳಿದ್ದನ್ನೇ ಹಿಂದಿಯಲ್ಲಿ ಹೇಳಿದ. ಮಮ್ಮಿ ಕೈಮುಗಿದು ಕೇಳಿದಳು.

"ನೋಡು, ಎಷ್ಟು ಚಂದ ಬಿಡಿಸಿ ಹೇಳಿದ್ರು! ಮೊದಲೇ ಯಾರಾದ್ರೂ ಹೀಗೆ ಹೇಳಿದ್ರೆ ನಾನು ಕೊಡ್ತಿದ್ನಾ?"

ಈಗಲೂ ಸೀಯಾಳ ಬರುತ್ತಲೇ ಇದೆ. ಪಪ್ಪ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ ಗೋಡೆಯತ್ತ ಮುಖ ತಿರುಗಿಸುತ್ತಾರೆ. ನೀರನ್ನೂ ಅಳತೆಯಲ್ಲೇ ಕುಡಿಯಬೇಕಾದ ಅವರ ಬಾಯಾರಿಕೆ ನೋಡಲಾಗುವುದಿಲ್ಲ. "ನೀನು ಕುಡಿ, ಸುಮ್ಮನೆ ಹಾಳಾಗ್ತದೆ" ಎಂದು ಮಮ್ಮಿ ನನ್ನ ಕೈಗಿಡುತ್ತಾಳೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಪಪ್ಪನಿಗೆ ಗುಟುಕಿನ ಸದ್ದು ಕೇಳದ ಹಾಗೆ ಕುಡಿಯುತ್ತೇನೆ. ಕಾಲೇಜಿನಲ್ಲಿ ತಲೆಗೆ ಹತ್ತದ ಕೆಮಿಸ್ಟ್ರಿ ಹೀಗೆ ಹೊಟ್ಟೆಗೆ ಹೋಗುತ್ತಿದೆ.